ಸಮುದ್ರಕ್ಕೆ ತಾಲೀಮು

ನನ್ನ ಸೊಸೆಗೆ ಕಾರು ಕಲಿಸುವ ಕೆಲಸ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತನ್ನ ಕಾಲ ಕೆಳಗೂ ಒಂದು ಬ್ರೇಕು ಇಟ್ಟುಕೊಂಡು, ದಿನವಿಡೀ ಕಂಡವರ ಕೈಗೆ ಜೀವ ಕೊಟ್ಟು ಸಂಜೆ ಮನೆಗೆ ಬರುತ್ತಾಳೆ. ಬಂದ ಮೇಲೂ ಮುಖದಲ್ಲಿ ಗಾಬರಿಯ ಸುಳಿವಿರುವುದಿಲ್ಲ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಮಕ್ಕಳನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಎತ್ತಿದ ಕೈ ಎಂದು ಹೆಸರಾದವಳು. ನನಗೆ ಯಾರೂ ಸುಲಭಕ್ಕೆ ಹಿಡಿಸುವುದಿಲ್ಲ. ಇವಳು ಹಿಡಿಸಿದ್ದಾಳೆ.

ಚಳಿಗಾಲದಲ್ಲಿ ಎಲ್ಲರೂ ಸಮುದ್ರಕ್ಕೆ ಹೋಗೋಣ ಎಂದು ಅವಳು ಹೇಳಿದಾಗ ಮನೆಯಲ್ಲಿ ಯಾರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಾರಣ ಗುಬ್ಬಿ. ಗುಬ್ಬಿ ನನ್ನ ಮೊಮ್ಮಗಳು, ಆರು ವರ್ಷದವಳು. ಹೊಸದು ಯಾವುದೂ ಅವಳಿಗೆ ಆಗಿಬರುವುದಿಲ್ಲ. ಹೊಸ ತಟ್ಟೆಯಲ್ಲಿ ಬಡಿಸಿದರೆ ತಟ್ಟೆ ನೆಲಕ್ಕೆ. ಚಪ್ಪಲಿ ಹರಿದರೆ ಅದೇ ಬಣ್ಣದ, ಅದೇ ಪಟ್ಟಿಯ ಜೋಡಿ ಸಿಗುವವರೆಗೆ ಬರಿಗಾಲು. ಮಾತು ಬರುತ್ತದೆ, ಆದರೆ ಬೇಕಾದ ಹೊತ್ತಿಗೆ ಬರುವುದಿಲ್ಲ. ಅದರ ಬದಲು ಚೀರಾಟ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಇದೇ ಸಮುದ್ರಕ್ಕೆಂದು ಹೊರಟಿದ್ದೆವು. ರೈಲು ನಿಲ್ದಾಣದ ಧ್ವನಿವರ್ಧಕ ಒದರಿದ್ದೇ ತಡ, ಅವಳು ಚೀರಿ, ತನ್ನ ಕೈಯನ್ನು ತಾನೇ ಕಚ್ಚಿಕೊಂಡು ನೆಲಕ್ಕೆ ಬಿದ್ದಳು. ಜನ ಸುತ್ತ ಮುತ್ತಿಕೊಂಡರು. ನಾವು ಚೀಲ ಹೊತ್ತು ಅಲ್ಲಿಂದಲೇ ವಾಪಸ್ ಬಂದೆವು.

ಅಂದಿನಿಂದ ಪ್ರಯಾಣದ ಮಾತೆತ್ತಿದರೆ ನನ್ನ ಮಗನ ಮುಖ ಸಪ್ಪಗಾಗುತ್ತದೆ. ಅವನದು ಕನ್ನಡಕದ ಅಂಗಡಿ. ಪರರ ದೃಷ್ಟಿಯನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವವನು, ಮಗಳ ಮೇಲೆ ಬೀಳುವ ಪರರ ದೃಷ್ಟಿಯನ್ನು ಮಾತ್ರ ತಾಳಲಾರ. ಹೆಂಡತಿಗೆ ಕಡೆಗೂ ಒಪ್ಪಿಗೆ ಕೊಟ್ಟ, ಒಂದು ಷರತ್ತು ಹಾಕಿ.

“ಇದೇ ಕೊನೆ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಮತ್ತೆ ಕೇಳ್ಬೇಡ. ಇನ್ಮೇಲೆ ಗುಬ್ಬಿ ಅಜ್ಜಿ ಜೊತೆ ಮನೇಲಿರ್ಲಿ, ನಾವಿಬ್ರೇ ಎಲ್ಲಿಗಾದ್ರೂ ಹೋಗಿ ಬರೋಣ.”

ಸೊಸೆ ವಾದಕ್ಕಿಳಿಯಲಿಲ್ಲ, ಆಗಲಿ ಎಂದಳು. ಮಗಳು ಜೀವಮಾನವೆಲ್ಲ ನಾಲ್ಕು ಗೋಡೆಗಳ ನಡುವೆಯೇ ಉಳಿದುಬಿಡುತ್ತಾಳೋ ಎಂಬ ಭಯ ಅವಳದು. ಆ ಭಯ ನನಗೂ ಇತ್ತು.

ಚಳಿಗಾಲವನ್ನು ಅವಳು ಆರಿಸಿದ್ದು ಸುಮ್ಮನೆ ಅಲ್ಲ. ಆಗ ದಂಡೆಯಲ್ಲಿ ಜನವಿಲ್ಲ, ಅಂಗಡಿಗಳು ಬಾಗಿಲು ಹಾಕಿರುತ್ತವೆ, ಹಾಡಿನ ಅಬ್ಬರವಿಲ್ಲ. ಶತ್ರು ಗಾಳಿಯೊಂದೇ. ಗಾಳಿಗೆ ಉಣ್ಣೆ ಟೋಪಿ ಬೇಕು, ಗುಬ್ಬಿಗೆ ಟೋಪಿ ಅಂದರೆ ಆಗದು. ಅಲ್ಲಿಂದ ಶುರುವಾಯಿತು ತಾಲೀಮು. ಟೋಪಿ ಮೊದಲು ಕೆಲವು ದಿನ ಊಟದ ಮೇಜಿನ ಮೇಲೆ ಕೂತಿತು. ಆಮೇಲೆ ನನ್ನ ತಲೆಯ ಮೇಲೆ. ಆಮೇಲೆ ದೊಡ್ಡವರೆಲ್ಲ ಟೋಪಿ ಹಾಕಿಕೊಂಡೇ ಊಟಕ್ಕೆ ಕೂತೆವು. ಕೊನೆಗೂ ಹೆಂಡತಿ ಮನೆಮಂದಿಗೆಲ್ಲ ಟೋಪಿ ಹಾಕಿದಳು ಎಂದು ಮಗ ನಕ್ಕ. ಮನೆಯಲ್ಲಿ ಅವನು ನಕ್ಕು ಎಷ್ಟೋ ದಿನವಾಗಿತ್ತು. ಒಂದು ಸಂಜೆ ಗುಬ್ಬಿ ತನ್ನ ಟೋಪಿಯನ್ನು ತಾನೇ ಎಳೆದು ತಲೆಗೇರಿಸಿಕೊಂಡಳು. ಯಾರೂ ನೋಡದವರ ಹಾಗೆ ಕೂರಬೇಕು ಎಂದು ಸೊಸೆ ಕಣ್ಸನ್ನೆ ಮಾಡಿದಳು. ನಾವು ಅನ್ನ ಕಲಸುತ್ತಾ ಕೂತೆವು.

ಸೊಸೆ ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದವರ ಹತ್ತಿರ ಬುಟ್ಟಿಯಲ್ಲಿ ಮರಳು ಬೇಡಿ ತಂದು ಬಾಲ್ಕನಿಯ ಟಬ್ಬಿಗೆ ಸುರಿದಳು. ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟಳು. ಫೋನಿನಲ್ಲಿ ಅಲೆಗಳ ಸದ್ದು, ಮೊದಮೊದಲು ಕಿವಿಗೊಟ್ಟರಷ್ಟೇ ಕೇಳುವಷ್ಟು ಸಣ್ಣಗೆ. ಸಮುದ್ರದ ಹತ್ತಿರ ಬಾಡಿಗೆಗೆ ಹಿಡಿದ ಕೋಣೆಯ ಮಾಲೀಕನನ್ನು ಕಾಡಿ ಬೇಡಿ ಮಂಚ, ಮೇಜು, ದೀಪದ ಸ್ವಿಚ್ಚು ಎಲ್ಲದರ ಫೋಟೋ ತರಿಸಿದಳು. ನಾವು ಕಳ್ಳರ ಪೈಕಿಯೋ ಏನೋ ಎಂದು ಅವನಿಗೆ ಅನುಮಾನ ಬಂದಿರಲಿಕ್ಕೂ ಸಾಕು. ನನಗೂ ಒಂದು ಪಾತ್ರ ಸಿಕ್ಕಿತು: ದಂಡೆಯಲ್ಲಿ ಎದುರಾಗಿ ಗಟ್ಟಿ ದನಿಯಲ್ಲಿ ಮಾತಾಡುವ ಅಪರಿಚಿತ ಹೆಂಗಸು. ಅಮ್ಮನಿಗೆ ಇದಕ್ಕೆ ನಟನೆ ಬೇಕಾಗಿಲ್ಲ ಎಂದ ಮಗ.

ಇದೆಲ್ಲ ನನಗೆ ಮೆಚ್ಚುಗೆಯೇ. ಮೈ ಉರಿಸಿದ್ದು ಬೇರೆ. ಚೀರುವ ಬದಲು ಗುಬ್ಬಿ “ಸಾಕು” ಅಂದರೆ ಆ ಕ್ಷಣವೇ ಎಲ್ಲ ನಿಲ್ಲಬೇಕು ಎಂಬುದು ಸೊಸೆಯ ನಿಯಮ. ಫ್ಯಾನು ನಿಲ್ಲಬೇಕು, ಅಲೆ ನಿಲ್ಲಬೇಕು, ಅರ್ಧ ವಾಕ್ಯದಲ್ಲಿದ್ದ ಅಪರಿಚಿತ ಹೆಂಗಸೂ ಬಾಯಿ ಮುಚ್ಚಬೇಕು. ಭಾನುವಾರಗಳಲ್ಲಿ ನಮ್ಮ ಕಾರಿನಲ್ಲಿ ಸಮುದ್ರದ ದಾರಿ ಹಿಡಿಯುತ್ತಿದ್ದೆವು. ಒಂದು ಸಲ ಪೆಟ್ರೋಲ್ ಬಂಕಿನಲ್ಲಿ ಸಾಕು ಅಂದಳು, ತಿರುಗಿದೆವು. ಇನ್ನೊಂದು ಸಲ ಸೇತುವೆ ದಾಟಿದ ಮೇಲೆ ಅಂದಳು, ತಿರುಗಿದೆವು. ಮತ್ತೊಂದು ಸಲ ರಸ್ತೆ ಬದಿಯ ಹೋಟೆಲಿನಲ್ಲಿ ಬಿಸಿ ಬಿಸಿ ಆಮ್ಲೆಟ್ ನನ್ನ ಮುಂದೆ ಬಂದು ಕೂತಿತ್ತು. ಗುಬ್ಬಿ ಸಾಕು ಅಂದಳು. ಸೊಸೆ ಎದ್ದೇ ಬಿಟ್ಟಳು. ಹೊಟ್ಟೆ ತಾಳ ಹಾಕುತ್ತಿರುವಾಗ ಆಮ್ಲೆಟ್ಟಿನ ಕಡೆ ತಿರುಗಿ ನೋಡುತ್ತಾ ಕಾರು ಹತ್ತಿದ ಮುದುಕಿಯ ಸಿಟ್ಟು ಎಲ್ಲಿಗೇರಬೇಕೋ ಅಲ್ಲಿಗೇರಿತು.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಅವಳನ್ನು ತರಾಟೆಗೆ ತೆಗೆದುಕೊಂಡೆ. ಮಕ್ಕಳನ್ನು ಹೀಗೆ ತಲೆಯ ಮೇಲೆ ಕೂರಿಸಿಕೊಂಡರೆ ಇಳಿಸುವುದು ಯಾವಾಗ, ಹೇಳಿದಂತೆಲ್ಲ ಕುಣಿದರೆ ಆ ಮಗು ಸಹಿಸುವುದನ್ನು ಕಲಿಯುವುದು ಯಾವಾಗ ಎಂದೆಲ್ಲ ಕೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು.

“ಅತ್ತೆ, ನನ್ನ ಹತ್ರ ಕಲಿಯೋಕೆ ಬರೋರಿಗೆ ಮೊದಲನೇ ದಿನ ನಾನು ಗಾಡಿ ಓಡಿಸೋದು ಹೇಳ್ಕೊಡಲ್ಲ. ನಿಲ್ಸೋದು ಮಾತ್ರ ಹೇಳ್ಕೊಡ್ತೀನಿ. ಬೇಕು ಅಂದಾಗ ನಿಲ್ಲುತ್ತೆ ಅಂತ ಕಾಲಿಗೆ ನಂಬಿಕೆ ಬಂದ್ಮೇಲೇನೇ ಅವ್ರು ಮುಂದಕ್ಕೆ ಹೋಗೋದು. ಇವ್ಳು ಹುಟ್ಟಿದಾಗಿಂದ ಬ್ರೇಕೇ ಇಲ್ಲದ ಗಾಡೀಲಿ ಕೂತಿದಾಳೆ. ಎಲ್ಲರೂ ಎಳ್ಕೊಂಡು ಹೋಗೋರೇ. ಚೀರ್ದೆ ಇನ್ನೇನು ಮಾಡ್ತಾಳೆ?”

ನಾನು ಅವಳು ತೊಳೆದಿಟ್ಟ ಪಾತ್ರೆಗಳನ್ನು ಒರೆಸಿಡತೊಡಗಿದೆ. ಪೂರ್ತಿ ಒಪ್ಪಿದೆನೆಂದಲ್ಲ.

ಹೊರಡುವ ದಿನ ಬಂತು. ದಾರಿಯಲ್ಲಿ ಎರಡು ಕಡೆ ಸಾಕು ಬಂತು, ಎರಡು ಕಡೆಯೂ ಕಾರು ನಿಂತಿತು, ಗುಬ್ಬಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು ಮತ್ತೆ ಹೋಗೋಣ ಎಂದಳು. ಬಾಡಿಗೆ ಕೋಣೆಯಲ್ಲಿ ಚೀಲ ಇಟ್ಟು, ಟೋಪಿ ಬಿಗಿದು, ನಾಲ್ವರೂ ದಂಡೆಗೆ ಇಳಿದೆವು. ಬೂದು ಬಣ್ಣದ ನೀರು, ಮಡಚಿಟ್ಟ ಕುರ್ಚಿಗಳು, ಕಣ್ಣು ಹಾಯಿಸಿದಷ್ಟು ದೂರ ಒಂದು ನರಪಿಳ್ಳೆಯೂ ಇಲ್ಲ. ಗುಬ್ಬಿ ಚಪ್ಪಲಿ ಬಿಟ್ಟು ಒದ್ದೆ ಮರಳಿನ ಮೇಲೆ ನಿಂತಳು. ಒಂದು ಅಲೆ ಬಂದು ಪಾದ ತೊಳೆದು ಹೋಯಿತು. ನನ್ನ ಮಗ ಉಸಿರು ಬಿಗಿಹಿಡಿದು ಮಗಳನ್ನೇ ನೋಡುತ್ತಿದ್ದ. ಇನ್ನೊಂದು ಅಲೆ ಬಂತು.

“ಸಾಕು,” ಅಂದಳು ಗುಬ್ಬಿ.

ಸೊಸೆ ಆಗಲೇ ಬಗ್ಗಿ ಚಪ್ಪಲಿ ಎತ್ತಿಕೊಳ್ಳುತ್ತಿದ್ದಳು. ಮಗನಿಗೆ ತಡೆಯಲಾಗಲಿಲ್ಲ. ಇಷ್ಟು ದಿನದ ಪಾಡು, ಇಷ್ಟು ದೂರದ ದಾರಿ, ಬಂದು ನಿಂತದ್ದು ಎರಡೇ ಅಲೆಯ ಹೊತ್ತು. ಇನ್ನೊಂದೇ ಅಲೆ ಪುಟ್ಟಿ, ಒಂದೇ ಒಂದು ಎನ್ನುತ್ತಾ ಅವಳ ಮುಂಗೈ ಹಿಡಿದುಕೊಂಡ. ಗುಬ್ಬಿಯ ಎದೆ ಮೇಲೇರಿತು, ಬಾಯಿ ಅಗಲವಾಯಿತು. ಆ ಚೀರಾಟ ಗಂಟಲಿಗೆ ಬಂದು ನಿಂತದ್ದು ನನಗೆ ಕಂಡಿತು. ಅದಕ್ಕಿಂತ ಮುಂಚೆ ಬಂದದ್ದು ಒಂದು ಮಾತು ಎಂಬುದೂ ಆಗಲೇ ಹೊಳೆಯಿತು. ನಿಲ್ದಾಣದಲ್ಲಿ ಕೈ ಕಚ್ಚಿಕೊಂಡಿದ್ದ ಮಗು, ಜಗತ್ತಿನ ಅತಿ ದೊಡ್ಡ ಸದ್ದಿನೆದುರು ನಿಂತು, ಬಾಯಿಬಿಟ್ಟು ಮಾತಾಡಿತ್ತು.

“ಕೈ ಬಿಡೋ,” ಎಂದೆ ಮಗನಿಗೆ. “ಮಗು ಹೇಳಿದ್ದು ಕೇಳಿಸ್ಲಿಲ್ವಾ? ನಡಿ.”

ತರಗತಿಯಲ್ಲಿ ಬಳಸುತ್ತಿದ್ದ ದನಿಯದು. ಅವನು ಕೈ ಬಿಟ್ಟ. ಗುಬ್ಬಿ ಬಾಯಿ ಮುಚ್ಚಿ ಉಸಿರು ಬಿಟ್ಟು, ಅಮ್ಮನ ಬೆರಳು ಹಿಡಿದು ತನ್ನ ಪಾಡಿಗೆ ತಾನು ನಡೆದಳು.

ಕೋಣೆಗೆ ಮರಳಿದೆವು. ಬೆಳಿಗ್ಗೆ ಎದ್ದು ಹೊರಟುಬಿಡೋಣ ಎಂದ ಮಗ, ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ. ಸೊಸೆ ಆಯಿತು ಎಂದು ಗುಬ್ಬಿಯ ಕಾಲಿನ ಮರಳು ಒರೆಸಿದಳು. ಮರಳೆಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದಳು. ಗುಬ್ಬಿ ಮಂಚ ಹತ್ತಿ, ಕಿಟಕಿಯ ಗಾಜಿಗೆ ಮೂಗು ಒತ್ತಿ ಹೊರಗೆ ನೋಡುತ್ತಾ ಬಹಳ ಹೊತ್ತು ಕೂತಳು. ಆಮೇಲೆ, ತಿರುಗದೆಯೇ, ಮೆಲ್ಲಗೆ ಕೇಳಿದಳು.

“ನಾಳೆ ಮತ್ತೆ ಅಲ್ಲಿಗೆ ಹೋಗೋಣ್ವಾ?”

ನನ್ನ ಮಗ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ. ಸೊಸೆ ಏನೂ ವಿಶೇಷ ಆಗಿಲ್ಲ ಎಂಬ ದನಿಯಲ್ಲಿ, ಹೂಂ, ಹೋಗೋಣ ಎಂದಳು. ಎದ್ದು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ಅವನು ಗಾಬರಿಯಿಂದ ಬಚ್ಚಲ ಕಡೆ ಬಂದ. ಅವಳು ಅಳುತ್ತಿದ್ದಾಳಾ ಎಂದು ಕೇಳಿದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ.

“ಮುಖ ತೊಳೀತಿದಾಳೆ ಕಣೋ. ನೀನು ಹೋಗಿ ಮಗಳ ಪಕ್ಕ ಕೂತ್ಕೋ, ಅವ್ಳು ಏನು ನೋಡ್ತಿದಾಳೆ ನೋಡು.”

ಅವನು ಹೋಗಿ ಕೂತ. ಒಳಗೆ ನೀರಿನ ಸದ್ದು ನಿಲ್ಲುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.