ಪೆನ್ಸಿಲಿನಲ್ಲಿ ಬರೆದದ್ದು

ಅಂಗಿಯ ಕೆಳಗಿನ ಎರಡು ಗುಂಡಿಗಳನ್ನು ಅವಳು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಗಂಡನ ಹೆಣದ ಮೇಲಿನ ಅಂಗಿ ಸರಿದರೆ ಪಕ್ಕೆಯ ಕೆಳಗಿನ ಹೊಲಿಗೆಯ ಕಲೆ ಕಾಣುತ್ತದೆ. ಕಲೆ ಕಂಡರೆ ವಿಮೆ ಹೋಗುತ್ತದೆ. ಮಗಳ ಓದಿಗೆ ಇದ್ದದ್ದು ಅದೊಂದೇ ಆಧಾರ. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು ನಿನ್ನೆ ಏಣಿಯಿಂದ ಬಿದ್ದು ಸತ್ತಿದ್ದ.

"ಒಡಹುಟ್ಟಿದವನು ಆಸ್ಪತ್ರೆಯಲ್ಲಿ ಸಾಯ್ತಿದ್ದಾಗ ಈ ಮಹಾರಾಯ ಪರವೂರಿಗೆ ಬೋರ್ಡು ಬರೆಯೋಕೆ ಹೋಗಿದ್ದ," ಗಂಡನ ಸೋದರತ್ತೆ ಗೋಡೆಗೊರಗಿ ಪಕ್ಕದವರಿಗೆ ಹೇಳುತ್ತಿದ್ದರು. ಪಿಸುಮಾತೇ, ಆದರೆ ಬೀದಿಗೆ ಕೇಳುವಂಥದ್ದು. "ಯಾರೋ ಪುಣ್ಯಾತ್ಮರು ಕಿಡ್ನಿ ಕೊಟ್ಟರು, ತಮ್ಮ ಬದುಕಿದ. ಅಣ್ಣನಂತೆ ಅಣ್ಣ!"

ಮೈದುನ ತಟ್ಟನೆ ಎದ್ದ. "ಅತ್ತೆ, ನನ್ನೊಳಗಿರೋದು..."

ಅವಳು ಅವನ ಕಾಲು ತುಳಿದು ಪಿಸುಗುಟ್ಟಿದಳು. "ನಿನ್ನ ದಮ್ಮಯ್ಯ, ಸುಮ್ಮನಿರೋ. ಆಪರೇಷನ್ ಆಗಿಲ್ಲ ಅಂತ ವಿಮೆಯವರಿಗೆ ಬರೆದುಕೊಟ್ಟಿದೀವಿ."

ಅವನು ಕೂತ. ಗಂಡನ ಹೆಸರಿಗೆ ಮಸಿ ಬಳಿಯುವುದನ್ನು ಹೆಂಡತಿಯೇ ಕಾವಲು ಕೂತು ಕೇಳಬೇಕಾದ ಗತಿ ಶತ್ರುವಿಗೂ ಬೇಡ.

*

ಹೋದ ವರ್ಷ, ಕಿಡ್ನಿ ಕೊಟ್ಟು ಎಂಟು ತಿಂಗಳಾಗಿದ್ದಾಗ, ಗಂಡ ಹೆಂಡತಿ ಇಬ್ಬರೂ ವಿಮೆಯ ಫಾರ್ಮು ಹಿಡಿದು ಅಡುಗೆಮನೆಯಲ್ಲಿ ಕೂತಿದ್ದರು. ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಗೆ ಅವನ ಕೈ ನಿಂತಿತು.

"ಇಲ್ಲ ಅಂತ ಬರೀರಿ," ಎಂದಳು. "ಒಂಟಿ ಕಿಡ್ನಿಯವನನ್ನ ಏಣಿ ಹತ್ತಿಸೋಕೆ ಹೆದರ್ತಾರೆ ಅಂತಲೇ ಊರಿಗೆಲ್ಲ 'ಪರವೂರಿಗೆ ಹೋಗಿದ್ರು' ಅಂತ ಸುಳ್ಳು ಹೇಳಾಯ್ತು. ಇದೊಂದು ಹೆಚ್ಚಾ? 'ಅಸಲಿ ಮಾಲು' ಅಂತ ಎಷ್ಟು ಕಳ್ಳ ಅಂಗಡಿಗೆ ಬರೆದಿಲ್ಲ ನೀವು!"

"ಅದು ಅವರ ಬೋರ್ಡು ಕಣೇ."

ಆದರೂ ಬರೆದ, ದುಂಡಗೆ, ಪೆನ್ಸಿಲಿನಲ್ಲಿ. ಏನನ್ನೇ ಆದರೂ ಮೊದಲು ಪೆನ್ಸಿಲಿನಲ್ಲಿ ಗೀಚಿ, ಆಮೇಲೆ ಬಣ್ಣ ತುಂಬುವುದು ಅವನ ಕಸುಬಿನ ರೂಢಿ. ಅವಳಿಗೆ ಅನುಮಾನವೇ ಬರಲಿಲ್ಲ.

*

ಮಧ್ಯಾಹ್ನ ವಿಮೆ ಏಜೆಂಟ್ ಬಂದಾಗ ಅವಳು ಬಾಗಿಲಲ್ಲೇ ತಡೆದಳು. "ಕಾಗದಪತ್ರ ಎಲ್ಲ ಸರಿಯಿದೆ ತಾನೆ?"

ಅವನು ತಡವರಿಸಿದ. "ಅಣ್ಣ ನಿಮಗೆ ಹೇಳಲೇ ಇಲ್ವಾ ಅಕ್ಕಾ? ಆಪರೇಷನ್ ಆಗಿ ಎರಡು ವರ್ಷ ಕಳೀಲಿ, ಆಮೇಲೆ ನೋಡೋಣ ಅಂತ ಕಂಪನಿಯವರು ಫಾರ್ಮು ವಾಪಸ್ ಕಳಿಸಿದ್ರು, ವಿಮೆ ಆಗಲೇ ಇಲ್ಲ. ಇದನ್ನ ನಿಮ್ಮ ಕೈಗೆ ಕೊಟ್ಟು ಹೋಗೋಣ ಅಂತ ಬಂದೆ."

ಫಾರ್ಮಿನಲ್ಲಿ, ಉಜ್ಜಿದ ಪೆನ್ಸಿಲಿನ ಗುರುತಿನ ಮೇಲೆ, ಗಂಡನ ಬೋರ್ಡಿನ ಅಕ್ಷರ: 'ಹೌದು. ಒಂದು ಕಿಡ್ನಿ ತಮ್ಮನಿಗೆ ಕೊಟ್ಟಿದ್ದೇನೆ. ಇಬ್ಬರೂ ಚೆನ್ನಾಗಿದ್ದೇವೆ.'

ಸತ್ತ ಗಂಡನನ್ನು ಹಿಡಿದು ಅಲುಗಾಡಿಸುವಷ್ಟು ಸಿಟ್ಟು ಬಂತು ಅವಳಿಗೆ. ಮಗಳ ಮುಖ ನೋಡಲಾಗಲಿಲ್ಲ. ಹೊರಗೆ ಶವದ ಗಾಡಿ ಬಂದು ನಿಂತಿತು.

ಅವಳು ಹೆಣದ ಪಕ್ಕ ಕೂತು ಆ ಎರಡು ಗುಂಡಿಗಳನ್ನು ಬಿಚ್ಚಿದಳು.

"ಅತ್ತೆ, ಬನ್ನಿ ಇಲ್ಲಿ." ಮೈದುನನ ಕಡೆ ತಿರುಗಿದಳು. "ನೀನೂ ಬಾರೋ. ನಿನ್ನ ಅಂಗಿ ಎತ್ತು."

ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು, ಅಣ್ಣತಮ್ಮಂದಿರ ನಡುವೆ ಬಗ್ಗಿದರು.