ಎಡದಂಡೆಯ ಟವೆಲ್

ಈಜು ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ನೀರು ಕಂಡರೆ ಅಮ್ಮಂದಿರ ಸೆರಗು ಬಿಡದ ಮಕ್ಕಳು ನನ್ನ ಕೈಗೆ ಬಂದಮೇಲೆ, ಕೊಳದಿಂದ ಮೇಲೆ ಬನ್ನಿ ಎಂದು ಕರೆದರೂ ಬರುವುದಿಲ್ಲ. ನನ್ನ ವಿಧಾನದಲ್ಲಿ ಮಾತು ಕಡಿಮೆ. ನಾನು ಈಜುತ್ತೇನೆ, ಅವರು ಅಂಚಿನ ಮೇಲೆ ಸಾಲಾಗಿ ಕೂತು ಕಣ್ಣು ಪಿಳುಕಿಸದೆ ನೋಡುತ್ತಾರೆ, ಆಮೇಲೆ ನೀರಿಗಿಳಿದು ನಾನು ಮಾಡಿದ್ದನ್ನೇ ಮಾಡುತ್ತಾರೆ. ನಾನು ಮೂಗು ಒರೆಸಿಕೊಂಡರೆ ಅವರೂ ಒರೆಸಿಕೊಳ್ಳುತ್ತಾರೆ.

ಹಾಗಾಗಿ ಸ್ಪರ್ಧೆಯಲ್ಲಿ ಸೀಗಡಿ ಸೋತಾಗ ನನಗೆ ನಂಬಲೇ ಆಗಲಿಲ್ಲ. ಸೀಗಡಿ ಎಂದರೆ ನನ್ನ ತಂಡದ ಹುಡುಗಿ. ಕಡ್ಡಿಯಂಥ ಮೈ, ಕಾಲು ಮಾತ್ರ ಮೋಟಾರು. ಕೊನೆಯವರೆಗೂ ಅವಳೇ ಮುಂದಿದ್ದಳು. ಬಲಗಡೆಯ ಸಾಲಿನ ಹುಡುಗಿ ಅವಳನ್ನು ದಾಟಿ ಗೋಡೆ ಮುಟ್ಟಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗೆದ್ದೆನೆಂದುಕೊಂಡು ಕೈ ಎತ್ತಿಬಿಟ್ಟಳು ಪಾಪ. ಆ ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು.

ಗೆದ್ದ ತಂಡದ ಕೋಚ್ ಹತ್ತಿರ ಬಂದ. ಅಣಕಿಸಲು ಬಂದನೇನೋ ಎಂದು ಮುಖ ಗಂಟು ಹಾಕಿಕೊಂಡೆ.

"ನಿಮ್ಮ ಮಕ್ಕಳೆಲ್ಲಾ ಎಡಗಡೆಗೆ ಮಾತ್ರ ತಿರುಗಿ ಉಸಿರು ತಗೋತಾರೆ ಮೇಡಂ. ಬಲಗಡೆ ಆನೆ ಈಜ್ಕೊಂಡು ಹೋದ್ರೂ ಅವ್ರಿಗೆ ಗೊತ್ತಾಗಲ್ಲ" ಎಂದ.

ಈಜುಕೊಳದ ಮ್ಯಾನೇಜರಿಗೂ ಅದು ಕೇಳಿಸಿತ್ತು. ಮುಂದಿನ ಸ್ಪರ್ಧೆಯಲ್ಲೂ ಹೀಗೇ ಆದರೆ ತಂಡವನ್ನು ಬೇರೆ ಕೋಚ್ ಕೈಗೆ ಕೊಡುವುದಾಗಿಯೂ, ನನಗೆ ನೀರಲ್ಲಿ ಗುಳ್ಳೆ ಬಿಡುವ ಪುಟಾಣಿಗಳು ಸಾಕೆಂದೂ ಆತ ಮರುದಿನ ಕರೆದು ಹೇಳಿದ. ಸರಿಪಡಿಸುತ್ತೇನೆ ಎಂದು ಎದ್ದು ಬಂದೆ. ಇದೇನು ಮಹಾ ವಿದ್ಯೆ?

ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿ ಎಂದು ಮಕ್ಕಳಿಗೆ ಹೇಳಿದೆ. ಎಲ್ಲರೂ ಗೋಣು ಹಾಕಿದರು. ನೀರಿಗಿಳಿದರು, ಎಲ್ಲರೂ ಎಡಕ್ಕೇ ತಿರುಗಿದರು. ಬಿಡಿಸಿ ಹೇಳಿದೆ, ರೇಗಿದೆ, ಗಂಟಲು ಹರಿದುಕೊಂಡೆ. ಕೊನೆಗೆ ಸೀಗಡಿ ಅಂಚು ಹಿಡಿದು ನಿಂತು ಕೇಳಿದಳು:

"ಮಿಸ್, ನೀವು ಬಲಗಡೆ ತಿರುಗೋದನ್ನ ನಾವು ಯಾವತ್ತೂ ನೋಡೇ ಇಲ್ವಲ್ಲ?"

ಅವಳು ಹೇಳಿದ್ದು ನಿಜವಾಗಿತ್ತು.

ಮಾರನೆಯ ಬೆಳಿಗ್ಗೆ ಮಕ್ಕಳು ಬರುವ ಮುಂಚೆಯೇ ನೀರಿಗಿಳಿದೆ. ಬಲಕ್ಕೆ ತಿರುಗಬೇಕು, ಅಷ್ಟೇ. ಕತ್ತು ಜಪ್ಪಯ್ಯ ಅನ್ನಲಿಲ್ಲ. ಬಾಯಿ ನೀರೊಳಗೇ ತೆರೆದುಕೊಂಡಿತು, ಕುಡಿಯಬಾರದಷ್ಟು ಕುಡಿದು ಕೆಮ್ಮುತ್ತಾ ಮೇಲೆದ್ದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಮ್ಮ ನಗುತ್ತಿದ್ದಳು. ಮನೆಯಲ್ಲಿ ಬೇಜಾರೆಂದು ಅವಳು ದಿನಾ ನನ್ನ ಜೊತೆ ಬರುತ್ತಾಳೆ. ಈಜು ಬಾರದವರು ನಗಬಾರದು ಎಂದು ಸಿಡುಕಿದೆ.

"ಬಲಗಡೆ ತಿರುಗಿ ನಿಂಗೆ ಅಭ್ಯಾಸ ಎಲ್ಲಿದೆ? ಅಲ್ಲಿ ಬರೀ ಮುಳ್ಳುಪೊದೆ ಇತ್ತು" ಎಂದಳು ಅಮ್ಮ.

ಆಗ ನೆನಪಾಯಿತು. ಚಿಕ್ಕಂದಿನಲ್ಲಿ ನಾನು ಈಜಿದ್ದು ಮನೆಯ ಹಿಂದಿನ ಕಾಲುವೆಯಲ್ಲಿ. ಕೈ ಬೀಸುವುದನ್ನು ಸೇತುವೆ ಮೇಲೆ ನಿಂತು, ಈಜುವ ಹುಡುಗರನ್ನು ನೋಡಿಯೇ ಕಲಿತಿದ್ದೆ. ನೀರು ಹರಿಯುವ ಕಡೆಗೆ ಈಜುವುದು, ನಡೆದು ವಾಪಸು ಬರುವುದು. ಬಲಕ್ಕೆ ಮುಳ್ಳುಪೊದೆ, ಎಡಕ್ಕೆ ಕಾಲುದಾರಿ. ಆ ದಾರಿಯಲ್ಲಿ ಅಮ್ಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನನ್ನ ಪಕ್ಕಪಕ್ಕದಲ್ಲೇ ನಡೆಯುತ್ತಿದ್ದಳು. ಪ್ರತಿ ಉಸಿರಿಗೂ ಟವೆಲ್ ಕಾಣುತ್ತಿತ್ತು. ಮೈ ಒರೆಸಲು ಬರುತ್ತಾಳೆ ಎಂದಷ್ಟೇ ನಾನು ತಿಳಿದಿದ್ದೆ.

"ನೀನು ತಿರುಗಿದಾಗ ನಾನು ಕಾಣ್ದೆ ಹೋದ್ರೆ ಹೆದರ್ಕೊಂಡು ಮುಳುಗ್ತೀಯ ಅನ್ನೋ ಭಯ ನಂಗೆ. ಅದಕ್ಕೇ ಒಂದು ಹೆಜ್ಜೆನೂ ಹಿಂದೆ ಬೀಳ್ತಿರಲಿಲ್ಲ" ಎಂದು ಅಮ್ಮ ಎದ್ದಳು. ಮಂಡಿ ಹಿಡಿದುಕೊಂಡು, ನನ್ನ ಚೀಲದಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಕೊಳ ಸುತ್ತಿ ಬಲಗಡೆಯ ಅಂಚಿಗೆ ಹೋಗಿ ನಿಂತಳು. "ಈಗ ಬಾ."

ಗೋಡೆ ಒದ್ದು ಹೊರಟೆ. ಎಡಕ್ಕೊಂದು ಉಸಿರು. ಆಮೇಲೆ ಬಲಕ್ಕೆ ಹೊರಳಿದೆ, ಕಣ್ಣು ಸ್ವಲ್ಪ ಮೇಲೆತ್ತಿದೆ. ಟವೆಲ್ ಕಂಡಿತು. ಉಸಿರೂ ಸಿಕ್ಕಿತು. ಅಂಚಿನುದ್ದಕ್ಕೂ ನಡೆಯುತ್ತಿದ್ದ ಅಮ್ಮನ ಮಂಡಿಗೆ ಈಗ ಮೊದಲಿನ ವೇಗವಿಲ್ಲ, ಅವಳಿಗೆ ಜೊತೆಯಾಗಲೆಂದು ನಾನೇ ನಿಧಾನವಾಗಿ ಈಜಿದೆ. ನನ್ನ ಮೊಂಡು ಕತ್ತಿಗೂ ಆ ನಿಧಾನವೇ ಬೇಕಾಗಿತ್ತು. ನೀರಲ್ಲಿದ್ದುದರಿಂದ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ.

ಆ ತುದಿ ಮುಟ್ಟಿ ತಲೆ ಎತ್ತಿದರೆ ಮಕ್ಕಳು ಅದಾಗಲೇ ಬಂದು ಅಂಚಿನ ಮೇಲೆ ಸಾಲಾಗಿ ಕೂತಿದ್ದರು. ನಾನು ಈಜಿದ್ದನ್ನೆಲ್ಲಾ ನೋಡಿದ್ದರು. ಅವರಾಗಿಯೇ ಇಳಿದರು. ಎಡಕ್ಕೆ, ಬಲಕ್ಕೆ. ಮೊದಲು ಸೀಗಡಿ, ಅವಳ ಹಿಂದೆ ಎಲ್ಲರೂ.

ಮುಂದಿನ ಸ್ಪರ್ಧೆಯಲ್ಲಿ ಅದೇ ಹುಡುಗಿ ಮತ್ತೆ ಸೀಗಡಿಯ ಬಲಕ್ಕಿದ್ದಳು. ಕೊನೆಯಲ್ಲಿ ಸರಿಸಮಕ್ಕೆ ಬಂದಳು. ಸೀಗಡಿ ಬಲಕ್ಕೆ ತಿರುಗಿ ಅವಳನ್ನು ಕಂಡವಳೇ ಮೋಟಾರು ಬಿಟ್ಟಳು. ಈ ಸಲ ಎತ್ತಿದ ಕೈಯನ್ನು ಇಳಿಸಬೇಕಾಗಲಿಲ್ಲ. ಮ್ಯಾನೇಜರ್ ತಂಡದ ಮಾತನ್ನು ಮತ್ತೆ ಎತ್ತಲೇ ಇಲ್ಲ.

ಆ ಕೋಚ್ ಕೈ ಕುಲುಕಿದ. ಚೆನ್ನಾಗಿ ತಿದ್ದಿದ್ದೀರಿ ಎಂದ. ಆದರೆ ಅವನ ಕಣ್ಣು ಹದ್ದಿನದು.

"ಒಂದು ಅರ್ಥ ಆಗ್ಲಿಲ್ಲ ಮೇಡಂ. ಬಲಗಡೆ ತಿರುಗಿದಾಗ್ಲೆಲ್ಲಾ ನಿಮ್ಮ ಮಕ್ಕಳು ಕಣ್ಣು ಮೇಲೆತ್ತಿ ದಂಡೆ ಕಡೆ ನೋಡ್ತಾರೆ. ಅಷ್ಟೂ ಜನ. ಯಾರನ್ನ ಹುಡುಕ್ತಾರೆ?"

"ನಮ್ಮಮ್ಮನ್ನ" ಎಂದೆ.