ಮೂರು ಸುತ್ತು ಗುಂಡು

"ಗುಂಡು ಹಾರಿಸ್ತೀವಿ ಅಂದ್ರೆ ಹೆಣ ಎತ್ತೋಕೇ ಬಿಡಲ್ಲ. ಹೇಳಿಬಿಟ್ಟೆ."

ಮಗಳು ಅಪ್ಪನ ಶವಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ತಿರುಗಿಸುತ್ತಲೇ ಅಂದಳು. ಅಣ್ಣ ಹಣೆ ಚಚ್ಚಿಕೊಂಡ. ಹತ್ತಾರು ದೇಶಗಳು ಕಚ್ಚಾಡಿದ ಯುದ್ಧಕ್ಕೆ ಹೋಗಿಬಂದವನಿಗೆ ಸಲ್ಲುವ ಮರ್ಯಾದೆ ಅದು, ಬರೀ ಮೂರು ಸುತ್ತು, ಮಾಜಿ ಸೈನಿಕರ ಸಂಘದವರು ಹೊರಟೂ ಆಯಿತು ಎಂದು ಬೆಳಗಿನಿಂದ ಐದನೇ ಸಲ ವಿವರಿಸಿದ.

"ಸತ್ತವರಿಗೆ ಕಿವಿ ಕೇಳ್ಸುತ್ತೇನೇ?"

"ಬದುಕಿದ್ದಾಗ ಕೇಳಿಸ್ಕೊಂಡಿದ್ದು ಸಾಲ್ದಾ ಅಣ್ಣ?"

ಅವಳಿಗೆ ರೇಗಿಹೋಗಿತ್ತು. ಅಪ್ಪ ಬದುಕಿದ್ದಾಗ ಸಂಘದ ಒಂದು ನರಪಿಳ್ಳೆಯೂ ಈ ಕಡೆ ತಲೆ ಹಾಕಿರಲಿಲ್ಲ. ಮೂಲೆಯಲ್ಲಿ ಅಮ್ಮ ಕೂತಿದ್ದಳು.

"ಆಯ್ತಮ್ಮ ತಾಯಿ, ಬೇಡ ಅಂತ ಹೇಳ್ತೀನಿ," ಎಂದು ಅಣ್ಣ ಸೋತ. ಹೆಣ ಎದ್ದಿತು.

*

ಊರಿಗೆಲ್ಲ ಅಪ್ಪ "ಸ್ಕ್ರೂ ಬಡಗಿ". ಅಂಗಡಿಯಲ್ಲಿ ಸುತ್ತಿಗೆಯೇ ಇಲ್ಲ. ಬಾಗಿಲಿಗೂ ಕುರ್ಚಿಗೂ ಅಂಟು, ಸ್ಕ್ರೂ ಅಷ್ಟೇ. ಮದುವೆಗೆ ಮಂಚ ಹೇಳಿದರೆ ತೊಟ್ಟಿಲು ಬೇಕಾಗುವ ಹೊತ್ತಿಗೆ ಕೊಡ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಹನ್ನೊಂದು ವರ್ಷದವಳಿದ್ದಾಗ ಮಗಳಿಗೂ ತಾಳ್ಮೆ ಕೆಟ್ಟಿತು. ಪಕ್ಕದ ಮನೆಯಿಂದ ಸುತ್ತಿಗೆ ತಂದು ಒಂದು ಪೆಟ್ಟಿಗೆಗೆ ಮೊಳೆ ಹೊಡೆದಳು. ನಾಲ್ಕೇ ಏಟು. ತಿರುಗಿ ನೋಡಿದರೆ ಅಪ್ಪ ಕೆಲಸದ ಮೇಜಿನ ಕೆಳಗೆ, ಮರದ ಹೊಟ್ಟಿನಲ್ಲಿ ಮುಖ ಹುದುಗಿಸಿ ಮಲಗಿದ್ದ. ಯಾರದೋ ಹೆಸರು ಹಿಡಿದು, ತಲೆ ಎತ್ತಬೇಡ ಕಣೋ, ತಲೆ ಎತ್ತಬೇಡ ಅನ್ನುತ್ತಿದ್ದ.

ಸಂಜೆ ಎದ್ದವನು ಬೈಯಲಿಲ್ಲ. ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಅವೇ ತೂತುಗಳಿಗೆ ಸ್ಕ್ರೂ ಕೂರಿಸಿದ. ಯುದ್ಧ ಮುಗಿದು ಆಗ ಇಪ್ಪತ್ತು ವರ್ಷವಾಗಿತ್ತು.

*

ಸ್ಮಶಾನದಲ್ಲಿ ಆರು ಜನ ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ಮಗಳು ಅಣ್ಣನನ್ನು ನೋಡಿದಳು. ಅಣ್ಣ ತನ್ನ ಚಪ್ಪಲಿ ನೋಡಿಕೊಂಡ.

"ಅಷ್ಟು ದೂರದಿಂದ ಬಂದಿದ್ದಾರೆ. ಹೆಂಗೆ ಬೇಡ ಅನ್ನಲಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ, ಪೆಟ್ಟಿಗೆಯ ಪಕ್ಕ ಕೂತಿದ್ದ ಅಮ್ಮ ಎದ್ದಳು. "ನೀವೇ ಮಣ್ಣು ಮಾಡ್ಕೊಳ್ಳಿ," ಎಂದವಳೇ ಗೇಟಿನ ಕಡೆ ನಡೆದಳು. ಮಗಳು ಹಿಂದೆಯೇ ಓಡಿದಳು.

ಗೇಟಿನ ಹತ್ತಿರ ಬರುವಷ್ಟರಲ್ಲಿ ಮೊದಲ ಸುತ್ತು ಸಿಡಿಯಿತು. ಅಮ್ಮ ತನ್ನ ಕಿವಿ ಮುಚ್ಚಿಕೊಳ್ಳಲಿಲ್ಲ. ಅವಳ ಎರಡೂ ಕೈ ತಾವಾಗಿಯೇ ಮೇಲೆದ್ದವು. ತನಗಿಂತ ಒಂದು ಗೇಣು ಎತ್ತರದ ಅಪ್ಪ ಎದುರಿಗೆ ನಿಂತಿದ್ದಾನೆಂಬಂತೆ, ನಡುವೆ ಒಂದು ತಲೆಯಷ್ಟು ಜಾಗ ಬಿಟ್ಟು, ಅಂಗೈಗಳು ಗಾಳಿಯನ್ನು ಒತ್ತಿ ಹಿಡಿದವು. ಎರಡನೆಯದು ಸಿಡಿಯಿತು. ಮೂರನೆಯದು. ಆಮೇಲೆ ನಿಧಾನಕ್ಕೆ ಕೈ ಇಳಿಸಿ, ಗೇಟು ದಾಟಿ ಹೋದಳು.

ಮಣ್ಣು ಹಾಕುವ ಮುಂಚೆ ಅಣ್ಣ ಎರಡು ಸಲ ಅಮ್ಮನನ್ನು ಕೂಗಿದ. ಅವಳು ಬರಲಿಲ್ಲ.